ಚಮಚದ ದೊರೆ

ರುಕ್ಮಿಣಮ್ಮ ಮೈಸೂರಿಗೆ ಹೋದವಳೇ ಅಲ್ಲ ಎಂದೇನಿಲ್ಲ. ಅತ್ತೆಯ ಕಣ್ಣಿಗೆಂದು ಹೋಗಿದ್ದಳು, ಮೈದುನನ ಕಾಲಿಗೆಂದು ಹೋಗಿದ್ದಳು, ಮಗಳ ಹೆರಿಗೆಗೆಂದು ಹೋಗಿದ್ದಳು. ಆಸ್ಪತ್ರೆಯ ಬೆಂಚು ಮತ್ತು ಬಸ್‌ಸ್ಟ್ಯಾಂಡು, ಅವಳು ಕಂಡ ಮೈಸೂರು ಅಷ್ಟೇ. ಊರು ನೋಡಲೆಂದೇ ಹೋದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಅವತ್ತೂ ಅರಮನೆ ಸೇರುವಷ್ಟರಲ್ಲಿ ಬಾಗಿಲು ಹಾಕಿತ್ತು. ಸಮಾಧಾನಕ್ಕೆಂದು ಗಂಡ ನಿಂಗಯ್ಯ ಮಾರ್ಕೆಟ್ ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ್ದ.

ಹೊಸ ಅಗ್ರಹಾರದ ಕಡೆಯ ನಾಲೆ ಬಯಲಿನ ಹುಡುಗಿ ಅವಳು. ಭತ್ತ ಗೊತ್ತು, ಕಬ್ಬು ಗೊತ್ತು, ಹೋಟೆಲ್ ದೋಸೆ ಗೊತ್ತಿರಲಿಲ್ಲ. ಬೆಣ್ಣೆ ಕರಗುತ್ತಿದ್ದ ಆ ದೋಸೆಯನ್ನು ಬೆರಳು ನೆಕ್ಕಿಕೊಂಡು ತಿಂದಳು. ಎದುರಿಗೆ ನಿಂಗಯ್ಯ ಮಾತ್ರ ಚಮಚ ಕೇಳಿ ತರಿಸಿಕೊಂಡು, ದೋಸೆಯ ಜತೆ ಕುಸ್ತಿಗೆ ಬಿದ್ದಿದ್ದ. ಪಿರಿಯಾಪಟ್ಟಣದ ರೈತನಿಗೆ ಇದೆಂಥ ದೊರೆತನ ಎಂದು ಅವಳು ನಕ್ಕೇ ನಕ್ಕಳು. ‘ಚಮಚದ ದೊರೆ’ ಎಂದು ಹೆಸರಿಟ್ಟು, ಮದುವೆ ಮುಂಜಿ ಎಲ್ಲೇ ನೆಂಟರು ಕೂಡಿದರೂ ಆ ಕತೆ ಹೇಳುತ್ತಿದ್ದಳು. ನಿಂಗಯ್ಯ ಮೀಸೆಯೊಳಗೇ ನಗುತ್ತಿದ್ದ. ಆಮೇಲೆ ಅವನು ಎಂದೂ ಚಮಚ ಮುಟ್ಟಲಿಲ್ಲ. ಗಂಡನನ್ನು ದಾರಿಗೆ ತಂದೆನೆಂದು ಅವಳಿಗೆ ಹೆಮ್ಮೆ.

ಈ ವರ್ಷ ಅವಳಿಗೆ ಸಾಕಾಗಿತ್ತು. ಮೊಮ್ಮಕ್ಕಳನ್ನು ಕಂಡ ಮೈ, ಹೊಗೆಸೊಪ್ಪಿನ ಗೇಯ್ಮೆಗೆ ಬಗ್ಗುತ್ತದೆಯೇ? ಕತ್ತಲಿರುವಾಗಲೇ ಎದ್ದು ಸೊಪ್ಪು ಮುರಿಯಬೇಕು, ಸಂಜೆಯವರೆಗೆ ಕೂತು ಕಡ್ಡಿಗೆ ಕಟ್ಟಬೇಕು, ಬೆಂಕಿಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್ ಮನೆಗೆ ತುಂಬಬೇಕು. ಈ ಸೀಮೆಯಲ್ಲಿ ಸಾಯುವವರೂ ಸೀಸನ್ ಮುಗಿಸಿಕೊಂಡೇ ಸಾಯಬೇಕು. ಸೊಪ್ಪು ತುಂಬಿ ಬೆಂಕಿ ಹಾಕಿದ ದಿನ ಅವಳು ಗಂಡನ ಮುಂದೆ ಕೂತು ಅಂದೇಬಿಟ್ಟಳು:

“ಒಂದಿನ ನನ್ ಬುಟ್ಬುಡಿ. ಅರಮನೆ ನೋಡ್ಬೇಕು, ಆ ದೋಸೆ ತಿನ್ಬೇಕು. ಇನ್ನೇನೂ ಕೇಳಕಿಲ್ಲ ನಾನು.”

“ಸೀಸನ್ ಮುಗೀಲಿ ಅತ್ತೆ, ಎಲ್ಲಾರೂ ಹೋಗಣ,” ಎಂದಳು ಸೊಸೆ ಅನುಶ್ರೀ. ಸೀಸನ್ ಮುಗಿದ ಮೇಲೆ ಬೇರೆ ಕೆಲಸ ಹುಟ್ಟುವುದನ್ನು ರುಕ್ಮಿಣಮ್ಮ ಎಷ್ಟು ವರ್ಷ ಕಂಡಿಲ್ಲ!

“ಹೋಗ್ಬರ್ಲಿ ಬುಡವ್ವ. ಬೆಂಕಿ ನಾ ನೋಡ್ಕತೀನಿ,” ಎಂದ ನಿಂಗಯ್ಯ.

ಬೆಳಿಗ್ಗೆ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಹರಿಸಿಕೊಂಡವಳು ಕಣ್ಣು ಮುಚ್ಚಿದಳು. ಹುಣಸೂರು ಯಾವಾಗ ಬಂತೋ, ಯಾವಾಗ ಹೋಯಿತೋ. ಕಂಡಕ್ಟರ್ ಎಬ್ಬಿಸಿದಾಗ ಮೈಸೂರು.

ಅರಮನೆಯಲ್ಲಿ ಚಪ್ಪಲಿ ಬಿಟ್ಟು ತಣ್ಣನೆಯ ಕಲ್ಲಿನ ಮೇಲೆ ಕಾಲಿಟ್ಟಾಗ ಅಂಗಾಲಿಗೆ ಹಿತವಾಯಿತು. ಆನೆ ಅಂಬಾರಿಯ ಚಿತ್ರ, ಬಣ್ಣದ ಗಾಜಿನ ಚಾವಣಿ, ಬೆಳ್ಳಿಯ ಬಾಗಿಲು, ಎಲ್ಲ ನೋಡಿದಳು. ಚೆನ್ನಾಗಿಯೇ ಇತ್ತು. ಆದರೆ ದರ್ಬಾರ್ ಹಾಲ್ ಸೇರುವಷ್ಟರಲ್ಲಿ ಸೊಂಟ ಕಳಚಿ ಬೀಳುವಂತಾಯಿತು. ಕಂಬದ ಬುಡದಲ್ಲಿ ಕೂತಳು. “ಇಲ್ಲಿ ಕೂರ್ಬಾರ್ದು ಕಣಮ್ಮ, ಏಳಿ,” ಎಂದ ಕಾವಲಿನವನು. ಇಷ್ಟೊಂದು ಕಂಬ ನಿಲ್ಲಿಸಿದ ರಾಜರು ಒರಗಿಕೊಳ್ಳಲು ಒಂದನ್ನಾದರೂ ಬಿಡಬಾರದಿತ್ತೇ? ಇನ್ನು ಉಳಿದದ್ದು ದೋಸೆ. ಅದೊಂದು ಸಿಕ್ಕಿದರೆ ಬಂದದ್ದಕ್ಕೂ ಸಾರ್ಥಕವೆಂದು ಕಾಲೆಳೆದುಕೊಂಡು ಮಾರ್ಕೆಟ್ ಕಡೆ ನಡೆದಳು.

ಹೋಟೆಲ್ ಅಲ್ಲೇ ಇತ್ತು. ದೋಸೆಯೂ ಅದೇ ಬಣ್ಣ, ಅದೇ ಬೆಣ್ಣೆ. ಮೊದಲ ತುತ್ತು ಬಾಯಿಗಿಟ್ಟು ಅಗಿದಳು. ಕಹಿ. ಇನ್ನೊಂದು ತುತ್ತು ಮುರಿದಳು. ಅದೂ ಕಹಿ. ಅಳುವೇ ಬಂತು.

“ನಿಮ್ ದೋಸೆ ಕಹಿ ಆಗದೆ ಕಣಪ್ಪ,” ಎಂದಳು.

ನರೆಗೂದಲಿನ ಸಪ್ಲೈಯರ್ ಬೇರೆ ದೋಸೆ ತಂದಿಟ್ಟ. ಅದೂ ಹಾಗೇ. ಅವಳು ತಲೆಯೆತ್ತಿದಾಗ ಅವನು ದೋಸೆ ನೋಡುತ್ತಿರಲಿಲ್ಲ, ಉಗುರು ಸಂದಿಯಲ್ಲೆಲ್ಲ ಕಪ್ಪು ಅಂಟು ಹಿಡಿದಿದ್ದ ಅವಳ ಬೆರಳು ನೋಡುತ್ತಿದ್ದ.

“ಸೊಪ್ಪಿನ್ ಕೈಯಲ್ವಾ ಅವ್ವ? ನಮ್ದೂ ಉಣಸೂರ್ ಪಕ್ಕ. ಉಣಸೆಹಣ್ಣಾಕಿ ತಿಕ್ಕುದ್ರೂ ಹೋಗಕಿಲ್ಲ ಆ ಅಂಟಿನ್ ಕಹಿ. ತಡೀರಿ,” ಎಂದು ಒಂದು ಚಮಚ ತಂದುಕೊಟ್ಟ.

ಇಷ್ಟು ವರ್ಷ ಅವಳಿಗಿದು ತಿಳಿಯದ್ದೇನೂ ವಿಚಿತ್ರವಲ್ಲ. ಮನೆಯಲ್ಲಿ ಸೀಸನ್ ಪೂರ್ತಿ ಮುದ್ದೆ. ಮುದ್ದೆ ಅಗಿಯುವ ವಸ್ತುವಲ್ಲ, ನುಂಗುವುದು; ಕಹಿ ನಾಲಗೆಗೆ ತಿಳಿಯುವ ಮೊದಲೇ ಗಂಟಲು ದಾಟಿರುತ್ತದೆ. ಅನ್ನದ ಕಹಿಯನ್ನು ಸಾರಿನ ಖಾರ ನುಂಗುತ್ತದೆ. ರುಕ್ಮಿಣಮ್ಮ ಚಮಚದಲ್ಲಿ ದೋಸೆ ಕತ್ತರಿಸಿ ಬಾಯಿಗಿಟ್ಟಳು. ಅದೇ ರುಚಿ! ಎಳ್ಳಷ್ಟೂ ಬದಲಾಗಿರಲಿಲ್ಲ. ಎರಡನೇ ತುತ್ತಿಗೆ ಚಮಚ ಎತ್ತಿದವಳು ಹಾಗೇ ಕೂತಳು. ಎದುರಿನ ಖಾಲಿ ಕುರ್ಚಿಯಲ್ಲಿ ಅವತ್ತಿನ ನಿಂಗಯ್ಯ ಕೂತಂತಿತ್ತು.

ಪೂರ್ತಿ ತಿಂದು ಮುಗಿಸಿ, ಹೊರಗೆ ಬಂದು ಫೋನ್ ಮಾಡಿದಳು.

“ಅರಮನೆ ನೋಡ್ದಾ?” ಎಂದ ನಿಂಗಯ್ಯ.

“ನೋಡ್ದೆ. ದೋಸೆನೂ ತಿಂದೆ. ಚಮಚದಲ್ಲಿ ತಿಂದೆ ಕಣ್ರೀ.”

ಆ ಕಡೆ ನಿಂಗಯ್ಯ ಬ್ಯಾರನ್ ಒಲೆಗೆ ಸೌದೆ ತಳ್ಳಿದ.

“ಅವತ್ತೇ ಯಾಕ್ ಯೋಳ್ಲಿಲ್ಲ ನೀವು? ಊರೋರ್ ಮುಂದೆಲ್ಲ ನಗಾಡ್ಬುಟ್ನಲ್ರೀ ನಾನು.”

“ನಾಲೆ ಬಯಲಿನೋಳು ನೀನು, ಬಂದು ವಾರ ಆಗಿರ್ನಿಲ್ಲ. ಈ ಮನೇಲಿ ಕೈಯೆಲ್ಲಾ ಕಹಿ ಆಯ್ತದೆ ಅಂತ ಯೋಳಿದ್ರೆ ನಿಂತಿರ್ತಿದ್ಯಾ?”

ತಾನು ನಕ್ಕ ಒಂದು ನಗುವಿಗೆ ಈ ಮನುಷ್ಯ ಇಷ್ಟು ವರ್ಷ ಕಹಿ ತುತ್ತನ್ನೇ ತಿಂದಿದ್ದಾನೆ! ಅವಳು ಮತ್ತೆ ಹೋಟೆಲಿನ ಬಾಗಿಲ ಕಡೆ ತಿರುಗಿದಳು.

“ನಿಮ್ಗೂ ಒಂದು ಕಟ್ಟಿಸ್ಕಂಡ್ ಬತ್ತೀನಿ,” ಎಂದಳು.

“ಆರೋಯ್ತದೆ ಬುಡು.”

“ಆರ್ಲಿ. ಮಾರ್ಕೆಟ್ಟಲ್ಲಿ ಎಲ್ಡು ಚಮಚನೂ ತಕ್ಕತೀನಿ.”

“ಎಲ್ಡ್ಯಾಕೆ?”

“ನಂದೂ ಕಹಿ ಕೈಯೇ ಕಣ್ರೀ.”