ಶಾಂತ ಮಾಡಿದ್ರಾ?

ನಿನ್ನೆ ಮಧ್ಯಾಹ್ನ ನಮ್ಮ ಪುಟ್ಟ ಓವನ್ನಿನ ತಟ್ಟೆಗೆ ಸೋಡಾಪುಡಿ ಹಚ್ಚಿ ಉಜ್ಜುತ್ತಿದ್ದೆ. ಸೀದ ಸಕ್ಕರೆಯ ವಾಸನೆ ಎದ್ದಿತು. ಕೈ ಅಲ್ಲೇ ನಿಂತಿತು... ಅರಸೀಕೆರೆಯಲ್ಲಿ ನಮ್ಮ ಪಕ್ಕದಲ್ಲಿದ್ದ ಬೇಕರಿ ಆಂಟಿಯ ವಾಸನೆ ಅದು.

ಅವರ ಹಣೆಯಲ್ಲಿ ವಿಭೂತಿ, ಕೆನ್ನೆಯಲ್ಲಿ ಮೈದಾ. ಯಾವುದು ಯಾವುದೆಂದು ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಬೆಣ್ಣೆ ಬಿಸ್ಕತ್ತಿನ ಹಿಟ್ಟನ್ನು ಅವರೇ ನಾದಬೇಕು. ಬೇರೆಯವರ ಕೈ ಸೇರಿದರೆ ಗಿರಾಕಿಗಳಿಗೆ ಗೊತ್ತಾಗಿಬಿಡುತ್ತಿತ್ತು. ಅಮಾವಾಸ್ಯೆ ಬಂತೆಂದರೆ ಹಿಂದಿನ ಕೋಣೆಯ ದೊಡ್ಡ ಗ್ಯಾಸ್ ಓವನ್ ಉಜ್ಜಿ, ವಿಭೂತಿ ಎಳೆದು, ಅದರ ಬಾಯಲ್ಲಿ ಕರ್ಪೂರ ಹಚ್ಚುತ್ತಿದ್ದರು. ಅವರಿಗದು ಓವನ್ ಅಲ್ಲ, ಒಲೆ. ಒಲೆಯನ್ನು 'ಆರಿಸು' ಎನ್ನುವುದೂ ಇಲ್ಲ. ದೇವರ ದೀಪದಂತೆ 'ಶಾಂತ' ಮಾಡುವುದು.

ರಿಪೇರಿಯವನು ಬಂದಾಗಲೆಲ್ಲ ಹೇಳುತ್ತಿದ್ದ: ಮೊದಲು ಸಿಲಿಂಡರ್ ಮುಚ್ಚಿ, ಬಾಗಿಲು ತೆಗೆದಿಟ್ಟು ತಣ್ಣಗಾಗಲು ಬಿಡಿ, ಹತ್ತಿರ ಬೆಂಕಿ ತರಬೇಡಿ. ಆಂಟಿ ತಲೆಯಾಡಿಸಿ ಅವನ ಕೈಗೊಂದು ಬನ್ನು ಕೊಟ್ಟು ಕಳಿಸುತ್ತಿದ್ದರು.

"ಆಂಟಿ, ಸಿಲಿಂಡರ್ ಆಫ್ ಮಾಡಿದ್ರಾ ಅಂತ ಕೇಳಬಾರ್ದಾ? ಶಾಂತ ಅಂದ್ರೆ ಯಾರಿಗೆ ಏನು ಅರ್ಥ ಆಗತ್ತೆ?" ಎನ್ನುತ್ತಿದ್ದೆ ನಾನು.

"ಅನ್ನ ಕೊಡೋ ಒಲೇಗೆ ಆಫು ಗೀಫು ಅಂತಾರೇನೇ? ನಿಮ್ ಕಾನ್ವೆಂಟ್‌ನಾಗೆ ಇದನ್ನೇ ಹೇಳ್ಕೊಟ್ರಾ?"

ಹೀಗೆಂದು ನಕ್ಕುಬಿಡುತ್ತಿದ್ದರು. ಆ ನಗುವಿನ ಮುಂದೆ ಯಾರ ಮಾತೂ ನಡೆಯುತ್ತಿರಲಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ.

ಒಂದು ಅಮಾವಾಸ್ಯೆಯ ದಿನ ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಆಂಟಿ ಯಜಮಾನರನ್ನು ಕೂಗಿ ಕೇಳಿದರು. "ರೀ, ಶಾಂತ ಮಾಡಿದ್ರಾ?"

"ಶಾಂತ ಆಗೈತೆ ಕಣೇ, ನೋಡ್ದೆ!"

ಯಜಮಾನರು ನೋಡಿದ್ದು ಉರಿಯನ್ನು ಮಾತ್ರ. ಅದು ಗಾಳಿಗೆ ತಾನೇ ನಂದಿತ್ತು. ಸಿಲಿಂಡರ್ ತೆರೆದೇ ಇತ್ತು. ಇದೆಲ್ಲ ಗೊತ್ತಾದದ್ದು ಆಮೇಲೆ. ಮೈದಾ ಧೂಳಿಗೆ ಸದಾ ಮೂಗು ಕಟ್ಟಿಕೊಂಡಿರುತ್ತಿದ್ದ ಆಂಟಿಗೆ ಗ್ಯಾಸಿನ ವಾಸನೆ ತಿಳಿಯಲಿಲ್ಲ. ಉಜ್ಜಿದರು, ಒರೆಸಿದರು, ವಿಭೂತಿ ಎಳೆದರು. ಕರ್ಪೂರಕ್ಕೆಂದು ಕಡ್ಡಿ ಗೀರಿದರು...

ಆಸ್ಪತ್ರೆಯಲ್ಲಿ ಎರಡೂ ಕೈಗಳಿಗೆ ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿದ್ದರು. ನನ್ನನ್ನು ಕಂಡು ಅವರು ಮೊದಲು ಕೇಳಿದ್ದು, "ಯಾರಾದ್ರೂ ಒಲೆ ಶಾಂತ ಮಾಡಿದ್ರೇನೇ?"

ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಜೀವ ಉಳಿಯಿತು. ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು. ಮತ್ತೆ ಹಿಟ್ಟು ನಾದಲು ಬರಲಿಲ್ಲ. ಯಜಮಾನರು ಒಂದಷ್ಟು ದಿನ ತಾವೇ ನಾದಿ ನೋಡಿದರು. ಬಿಸ್ಕತ್ತು ಕಲ್ಲಾಗುತ್ತಿತ್ತು. ಅಂಗಡಿ ಮುಚ್ಚಿ ಗಂಡಸಿ ಊರಿನ ಕಡೆಗೆ ಹೋದರು. ಹೋದ ವರ್ಷ ಆಂಟಿ ತೀರಿಕೊಂಡರಂತೆ... ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಮಾತಿಗೆ ಮಾತು ಬಂದು ಹೇಳಿದರು.

ನಿನ್ನೆ ಸಂಜೆ ಅಡುಗೆಮನೆಯಿಂದ ಅತ್ತೆ ಹೇಳಿದರು, "ಗ್ಯಾಸ್ ಶಾಂತ ಮಾಡಿದೀನಿ ಕಣಮ್ಮ."

"ಸಿಲಿಂಡರ್ ಆಫ್ ಮಾಡಿದೀರೋ ಇಲ್ವೋ ಅದನ್ನ ಹೇಳಿ ಅತ್ತೆ!" ಎಂದೆ, ನಾನೇ ಬೆಚ್ಚುವಷ್ಟು ಜೋರಾಗಿ.

ಅವರು ಮುಖ ಸಿಂಡರಿಸಿ ದೇವರ ಕೋಣೆಗೆ ಹೋದರು. ನಾನೇ ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡಿದೆ. ಬೆರಳಿಗೆ ಇನ್ನೂ ಸೀದ ಸಕ್ಕರೆಯ ವಾಸನೆ ಅಂಟಿತ್ತು.