ಮಂಗನ ಬಾವೂ ಸೀತಕ್ಕನ ಲೋಟವೂ

1996ರ ಡಿಸೆಂಬರ್. ಇ.ಎನ್.ಟಿ. ಡಿಪ್ಲೊಮಾ ಮುಗಿಸಿದ್ದ ನನ್ನನ್ನು ಸರ್ಕಾರ ಮೂಡಿಗೆರೆ–ಕಳಸ ನಡುವಿನ ಒಂದು ಸಣ್ಣ ಆಸ್ಪತ್ರೆಗೆ ಹಾಕಿತ್ತು. ಕಿವಿ, ಮೂಗು, ಗಂಟಲು ಓದಿ ಬಂದವನು ಅಲ್ಲಿ ನೋಡುತ್ತಿದ್ದದ್ದು ಹೆಚ್ಚಾಗಿ ಕತ್ತಿ ತಾಗಿದ ಕೈ, ಕಣಜ ಕಚ್ಚಿದ ಮುಖ. ಆದರೂ ಕಾಫಿ ಹಣ್ಣು ಕೊಯ್ಯುವ ಆ ಚಳಿಗಾಲದ ಬೆಳಗುಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ.

ಒಂದು ದಿನ ಬಾಳೂರು ಕಡೆಯ ಎಸ್ಟೇಟಿನ ರೈಟರ್ ಪುಟ್ಟಸ್ವಾಮಿ ಜೀಪಿನಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ಆಳುಗಳ ಹಾಜರಿ ನೋಡುವವರು ಈ ರೈಟರ್. ಆಕೆಯನ್ನು ಹಿಂದೆ ಒಬ್ಬಳೇ ಕೂರಿಸಿ, ತಾವು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮುಂದೆ ಕೂತಿದ್ದರು.

"ಸಾರ್, ಮಂಗನ ಕಾಯಿಲೆ. ಇವ್ಳನ್ನ ಇಲ್ಲೇ ಇಟ್ಕೊಳ್ಳಿ ಮಾರಾಯ್ರೆ. ಲೈನಿನೋರೆಲ್ಲ ಗಂಟುಮೂಟೆ ಕಟ್ತಿದಾರೆ."

ಲೈನು ಎಂದರೆ ಆಳುಗಳ ಮನೆಗಳ ಸಾಲು. ಬಂದಾಕೆ ಅಲ್ಲಿನ ಸೀತಕ್ಕ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಾಯಂದಿರು ಹಣ್ಣು ಕೊಯ್ಯಲು ಹೋದಾಗ ಅವರ ಕೂಸುಗಳನ್ನು ನೋಡಿಕೊಳ್ಳುವುದೇ ಆಕೆಯ ಕೆಲಸ, ಆಕೆಯ ಬದುಕು. ಬಲ ದವಡೆಯ ಕೆಳಗೆ ಊತ ಕಂಡಾಗ ಆಕೆಯೇ "ಮಂಗನ ಬಾವು ಇರ್ಬೇಕು" ಅಂದಿದ್ದಳಂತೆ. ಮಂಗನ ಬಾವು ಎಂದರೆ ಮಂಪ್ಸ್, ಮಕ್ಕಳಿಗೆ ಬಂದು ಹೋಗುವ ಕೆನ್ನೆಯ ಊತ. ಮಂಗನ ಕಾಯಿಲೆಯೇ ಬೇರೆ. ಕಾಡಿನ ಉಣುಗು ಕಚ್ಚಿ ಬರುವ, ಮಂಗನದೂ ಮನುಷ್ಯನದೂ ಜೀವ ತೆಗೆಯಬಲ್ಲ ಜ್ವರ ಅದು. ಅದೇ ವಾರ ಹಳ್ಳದ ಬಳಿ ಮಂಗವೊಂದು ಕರೆಂಟು ತಂತಿ ತಾಗಿ ಸತ್ತಿತ್ತು. ಇನ್ನೇನು ಬೇಕು! ಮಾತು ಲೈನಿನ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ 'ಬಾವು' ಉದುರಿಹೋಗಿ 'ಕಾಯಿಲೆ' ಸೇರಿಕೊಂಡಿತ್ತು. ತಾಯಂದಿರು ಆಕೆಯ ಬಳಿಯಿಂದ ಮಕ್ಕಳನ್ನು ಎತ್ತಿಕೊಂಡು ಹೋಗಿದ್ದರು.

"ನನ್ನ ಔಷಧಿ ಇರ್ಲಿ ಡಾಕ್ಟ್ರೇ, ಮಕ್ಕಳು ವಾಪಸ್ ಬರ್ತಾವಾ?" ಇದು ಸೀತಕ್ಕನ ಮೊದಲ ಮಾತು.

ಜ್ವರವಿರಲಿಲ್ಲ. ನಮ್ಮ ಬಾಯಿಗೆ ಜೊಲ್ಲು ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದಿನದು ಪರೋಟಿಡ್. ಮಂಗನ ಬಾವು ಹೆಚ್ಚಾಗಿ ಕಾಣುವುದು ಅಲ್ಲಿ. ನಾಲಿಗೆಯಡಿಯದು ಸಬ್‌ಲಿಂಗ್ವಲ್, ದವಡೆಯ ಕೆಳಗಿನದು ಸಬ್‌ಮ್ಯಾಂಡಿಬ್ಯುಲರ್. ಈ ಕೊನೆಯದರ ಜೊಲ್ಲು ತುಸು ಮಂದ. ಸಪೂರ ನಾಳದಲ್ಲಿ ಮೇಲಕ್ಕೆ ಹತ್ತಿ ನಾಲಿಗೆಯ ಅಡಿಯಲ್ಲಿ ಹೊರಬೀಳಬೇಕು. ಜೊಲ್ಲಿನ ಲವಣ ಸುಣ್ಣಗಟ್ಟಿ ಕಲ್ಲಾಗುವುದು ಸಾಮಾನ್ಯವಾಗಿ ಅಲ್ಲೇ.

"ಊತ ಯಾವಾಗ ಬರ್ತದೆ ಸೀತಕ್ಕ?"

"ಊಟಕ್ಕೆ ಕೂತ್ರೆ ಬರ್ತದೆ. ಆಮೇಲೆ ಅದರಷ್ಟಕ್ಕೇ ಇಳೀತದೆ."

ನನ್ನ ಬುತ್ತಿಯಿಂದ ನಿಂಬೆಕಾಯಿ ಉಪ್ಪಿನಕಾಯಿಯ ಹೋಳೊಂದನ್ನು ಆಕೆಗೆ ಕೊಟ್ಟೆ. ಹುಳಿಗೆ ಜೊಲ್ಲು ಉಕ್ಕುತ್ತದೆ, ನಾಳ ಕಟ್ಟಿದ್ದರೆ ಅದು ಒಳಗೇ ನಿಂತು ಊದಿಕೊಳ್ಳಬೇಕು. ನೋಡನೋಡುತ್ತಲೇ ದವಡೆಯ ಕೆಳಗೆ ಊತ ಎದ್ದಿತು. ಪುಣ್ಯಾತ್ಮ ರೈಟರು ಜೀಪಿನ ತನಕ ಓಡಿದ್ದರು! ನಾಲಿಗೆಯಡಿ ಬೆರಳಾಡಿಸಿದಾಗ ಗಟ್ಟಿ ಕಾಳೊಂದು ಸಿಕ್ಕಿತು. ಅದು ನಾಳದ ಬಾಯಿಯ ಹತ್ತಿರವೇ ಇದ್ದುದು ನಮ್ಮ ಅದೃಷ್ಟ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕಲ್ಲು ಹಿಂದಕ್ಕೆ ಜಾರದಂತೆ ದಾರ ಹಾಕಿ, ನಾಳವನ್ನು ತುಸುವೇ ಸೀಳಿದೆ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಹಳದಿ ಕಲ್ಲು ಹೊರಬಂತು.

ಕಲ್ಲು ತೆಗೆದದ್ದು ಸುಲಭ. ಜನರ ತಲೆಗೆ ಹತ್ತಿದ್ದ ಮಂಗನನ್ನು ಇಳಿಸುವುದು ಬಾಕಿಯಿತ್ತು.

ಗಾಯ ಮಾಗಿದ ಮೇಲೆ ಒಂದು ಭಾನುವಾರ ಲೈನಿಗೆ ಹೋದೆ. ಕಲ್ಲನ್ನು ಬಾಟಲಿಯಲ್ಲಿ ತೋರಿಸಿ ಗ್ರಂಥಿ, ನಾಳ, ಉಣುಗು ಎಲ್ಲವನ್ನೂ ವಿವರಿಸಿದೆ. ಹೆಂಗಸರು ಕೂಸುಗಳನ್ನು ಸೊಂಟಕ್ಕೆ ಒತ್ತಿಕೊಂಡು ದೂರವೇ ನಿಂತರು. ಸೀತಕ್ಕ ಎಲ್ಲರಿಗೂ ಬೆಲ್ಲದ ಕಾಫಿ ಕಾಯಿಸಿದ್ದಳು. ಅವರು ಯಾರೂ ಮುಟ್ಟಲಿಲ್ಲ. ತನ್ನ ಲೋಟ ಹಿಡಿದು ಆಕೆಯೊಬ್ಬಳೇ ಗುಟುಕರಿಸುತ್ತ ಕೂತಿದ್ದಳು.

ಕೊನೆಗೆ ಲಲಿತಾ ಎಂಬ ತಾಯಿ ಬಾಯಿಬಿಟ್ಟಳು. "ಎಂಜಲಲ್ಲಿ ಹರಡೂದಿಲ್ವಾ ಸಾರ್?"

"ಇಲ್ಲಮ್ಮ."

"ಹಂಗಾರೆ ಸೀತಕ್ಕನ ಲೋಟದಲ್ಲಿ ಉಳ್ದಿದ್ದು ನೀವು ಕುಡೀರಿ."

ನಾನು ಅರ್ಚಕರ ಮನೆಯ ಮಗ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಚಿಕ್ಕಂದಿನ ಅಭ್ಯಾಸ, ಹಾಸ್ಟೆಲಿನಲ್ಲೂ ಬಿಟ್ಟಿರಲಿಲ್ಲ. ಜೊಲ್ಲು ಎಂದರೆ ನೀರು, ಲವಣ, ಕಿಣ್ವ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಎಂಜಲು ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

"ಬ್ಯಾಡ ಡಾಕ್ಟ್ರೇ, ಎಂಜಲು" ಎಂದು ಸೀತಕ್ಕ ಲೋಟಕ್ಕೆ ಸೆರಗು ಮುಚ್ಚಿದಳು. ನಾನು ಕೈಚಾಚಿ ಇಸಿದುಕೊಂಡೆ. ಅಭ್ಯಾಸಬಲದಿಂದ ಲೋಟ ಮೇಲಕ್ಕೆ ಹೋಯಿತು. ಲಲಿತಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಲೋಟ ಇಳಿಸಿ, ಅಂಚನ್ನು ತುಟಿಗಿಟ್ಟು, ಪೂರ್ತಿ ಕುಡಿದೆ. ಕಾಫಿ ತಣ್ಣಗಾಗಿತ್ತು, ಬೆಲ್ಲ ಜಾಸ್ತಿಯಾಗಿತ್ತು.

ಲಲಿತಾ ಬಂದು ಸೊಂಟದ ಕೂಸನ್ನು ಸೀತಕ್ಕನ ಮಡಿಲಿಗೆ ಹಾಕಿದಳು. ಅದು ಆಕೆಯ ಗದ್ದ ಹಿಡಿದು ಜಗ್ಗಿತು. ಸೀತಕ್ಕ ಅತ್ತೇಬಿಟ್ಟಳು, ನನಗೂ ಕಣ್ಣು ತುಂಬಿತು.

ಈಗ ನಿವೃತ್ತನಾಗಿದ್ದೇನೆ. ಮನೆಯಲ್ಲಿ ಇಂದಿಗೂ ಎತ್ತಿಯೇ ಕುಡಿಯುತ್ತೇನೆ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಆ ಭಾನುವಾರದ ನಂತರ ಯಾವ ರೋಗಿಯ ಮನೆಯವರಿಗಾದರೂ "ಇದು ಅಂಟುವುದಿಲ್ಲ" ಎನ್ನುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ: ಇವರ ಲೋಟದಲ್ಲಿ ಕುಡಿಯುತ್ತೀಯಾ? ಕುಡಿಯುತ್ತೇನೆ ಎನಿಸಿದರಷ್ಟೇ ಹೇಳುತ್ತಿದ್ದೆ.