ಮುಚ್ಚಬೇಕಾದ ಕಣ್ಣು

ಘಾಟಬೋರಾಳದ ಗಯಾಬಾಯಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ ತಂದುಕೊಟ್ಟವರು ಅವಳ ಅಂಗಳದಲ್ಲೇ ಕುಳಿತು ಹರಟುತ್ತಿದ್ದರು. ೧೯೯೬ರ ಬೇಸಿಗೆಯಲ್ಲಿ ಮಾತೆಲ್ಲ ಮೊಮ್ಮಗಳು ಆಮ್ರಪಾಲಿಯದೇ. ಮೂರು ವರ್ಷದ ಕೂಸಿನ ಎಡಗಣ್ಣಿಗೆ ಪೊರೆ ಬಂದು, ಹುಮನಾಬಾದಿನಲ್ಲಿ ಆಪರೇಷನ್ ಮಾಡಿಸಿ, ದಪ್ಪ ಚಷ್ಮಾ ಹಾಕಿಸಿದ್ದರು. ಜೊತೆಗೆ ಒಂದು ಕಣ್ಣಿಗೆ ಅಂಟಿಸುವ ಪಟ್ಟಿ.

ಸೊಸೆ ಮುಕ್ತಾಬಾಯಿ ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮುಂಚೆ ಆ ಪಟ್ಟಿಯನ್ನು ಬಲಗಣ್ಣಿಗೆ ಹಚ್ಚುತ್ತಿದ್ದಳು. ಕೂಸು ತಡವರಿಸಿ ಹೊಸ್ತಿಲಿಗೆ ಎಡವಿ ಅಳುತ್ತಿತ್ತು. ಗಯಾಬಾಯಿ ಸೂಜಿ ಬಿಟ್ಟು ಬಂದು ಎತ್ತಿಕೊಳ್ಳುತ್ತಿದ್ದಳು. ಕುರುವಾದಲ್ಲಿ, ಉಳುಕಿದಲ್ಲಿ, ನೋವಿರುವಲ್ಲೇ ಬಟ್ಟೆ ಕಟ್ಟಿ ಬದುಕಿದವಳು ಅವಳು. ಸೊಸೆ ಅವಸರದಲ್ಲಿ ತಪ್ಪು ತಿಳಿದಿದ್ದಾಳೆಂದು ಒಂದು ದಿನ ಪಟ್ಟಿ ಕಿತ್ತು ಎಡಗಣ್ಣಿಗೆ ಹಚ್ಚಿದಳು. ಕೂಸು ನಕ್ಕಿತು. ಅಂದಿನಿಂದ ದಿನವೂ ಸೊಸೆ ಹೋದ ಮೇಲೆ ಅದೇ ನಡೆಯಿತು; ಅವಳು ಬರುವಷ್ಟರಲ್ಲಿ ಪಟ್ಟಿ ತೆಗೆಯುವ ಹೊತ್ತಾಗಿರುತ್ತಿತ್ತು.

ಮಳೆಗಾಲಕ್ಕೆ ಅತ್ತೆ ಸೊಸೆ ಇಬ್ಬರೂ ಕೂಸನ್ನು ಹುಮನಾಬಾದಿನ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಬಾಯಿಯ ಹುಬ್ಬು ಗಂಟಿಕ್ಕಿತು.

"ಎಡಗಣ್ಣು ಏನೂ ಸುಧಾರಿಸಿಲ್ಲ. ಪಟ್ಟಿ ಹಚ್ಚೀರೇನು?"

"ಹಚ್ಚೀನ್ರಿ. ಬ್ಯಾನಿ ಇದ್ದ ಕಣ್ಣಿಗೇ ಹಚ್ಚೀನಿ," ಎಂದಳು ಗಯಾಬಾಯಿ.

ಮುಕ್ತಾಬಾಯಿ ಗಕ್ಕನೆ ಅತ್ತೆಯ ಕಡೆ ತಿರುಗಿದಳು. ಡಾಕ್ಟರಬಾಯಿ ಕೂಸಿನ ಹಿಂದಲೆಯ ಮೇಲೆ ಕೈಯಿಟ್ಟಳು.

"ಅವ್ವ, ಕಣ್ಣು ಬರೇ ಬೆಳಕು ಕಳಸ್ತದ. ಕಾಣೋದು ಇಲ್ಲಿ, ಮಿದುಳಿನಾಗ. ಇದರ ಜೀವಕೋಶ ಇನ್ನೂ ಬೆಳಿಯಾಕತ್ತಾವ. ಕಣ್ಣಿಂದ ಸುದ್ದಿ ಬಂದಂಗ ಟಿಸಿಲೊಡೆದು ಒಂದಕ್ಕೊಂದು ಕೂಡ್ತಾವ. ಸುದ್ದಿ ಬರಲಿಲ್ಲಂದ್ರ ಆ ಕಣ್ಣಿನ ಜಾಗಾ ಇನ್ನೊಂದು ಕಣ್ಣು ಹಿಡಕೊಂಡು ಬಿಡ್ತದ. ಅದಕ್ಕೇ ಚೊಲೊ ಕಣ್ಣು ಮುಚ್ಚೋದು."

"ಇನ್ನೂ ವ್ಯಾಳ್ಯಾ ಅದ ಏನ್ರಿ?" ಗಯಾಬಾಯಿ ಕೇಳಿದಳು.

"ಅದ. ಭಾಳ ಇಲ್ಲ."

ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ಗಯಾಬಾಯಿ ತೊಡೆಯ ಮೇಲೆ ಮಲಗಿದ ಕೂಸಿನ ತಲೆಯನ್ನು ಮುಟ್ಟಲೂ ಹೆದರಿದಳು. ಇಷ್ಟು ಸಣ್ಣ ತಲೆಯೊಳಗೆ ಅಷ್ಟೊಂದು ಜೀವಗಳು ಬೆಳಕಿಗಾಗಿ ಕಾಯುತ್ತಿದ್ದವೆ?

ಮರುದಿನದಿಂದ ಬಲಗಣ್ಣಿಗೆ ಅವಳೇ ಪಟ್ಟಿ ಹಚ್ಚಿದಳು. "ಕೆಂಪಂದು ಕೊಡು, ಹೂ ಇದ್ದದ್ದು ಕೊಡು," ಎಂದು ಕೌದಿಯ ತುಂಡುಗಳನ್ನು ಕೂಸಿನಿಂದ ಹುಡುಕಿಸಿದಳು. ಕೂಸು ಅತ್ತರೂ ಬಿಡಲಿಲ್ಲ. ತಾನೂ ಅತ್ತಳು, ಆದರೂ ಬಿಡಲಿಲ್ಲ.

"ಕಾಣೋ ಕಣ್ಣು ಮುಚ್ಚಿ ಮೊಮ್ಮಗಳನ್ನ ಕುರುಡಿ ಮಾಡ್ತಿಯೇನ?" ಎಂದು ನೆರೆಯ ಕಸ್ತೂರಿಬಾಯಿ ಚುಚ್ಚಿದಳು.

"ಇನ್ನೊಂದ್ ಪಟ್ಟಿ ಉಳದದ. ನಿನ್ನ ಬಾಯಿಗಿ ಹಚ್ಚಲೇನು?"

ಜೋಳ ತೆನೆಗಟ್ಟುವ ಹೊತ್ತಿಗೆ ತುಂಡುಗಳು ತಪ್ಪದೆ ಕೈಗೆ ಬರತೊಡಗಿದವು. ಒಂದು ಬೆಳಿಗ್ಗೆ ಬಲಗಣ್ಣಿನ ಮೇಲೆ ಪಟ್ಟಿಯಿದ್ದ ಆಮ್ರಪಾಲಿ ಹೊಲಿಗೆಯ ಮೇಲೆ ಬಾಗಿ ಬೆರಳು ತೋರಿಸಿದಳು.

"ಆಯಿ, ಇರುವಿ."

ಗಯಾಬಾಯಿಗೆ ಏನೂ ಕಾಣಲಿಲ್ಲ. ಮುಖ ತಗ್ಗಿಸಿ ನೋಡಿದಳು. ಹಸಿರು ತುಂಡಿನ ಮೇಲೆ ಒಂದು ಸಣ್ಣ ಇರುವೆ ಹೊರಟಿತ್ತು. ಇಷ್ಟು ದಿನ ಅವಳು ಕೂಸಿನ ಪಕ್ಕದಲ್ಲೇ ಕುಳಿತಿದ್ದಳು. ಆ ತಲೆಯೊಳಗೆ ಏನೆಲ್ಲ ಟಿಸಿಲೊಡೆದು ಕೂಡಿಕೊಂಡಿತೋ, ಒಂದು ಸಪ್ಪಳವೂ ಕೇಳಿಸಿರಲಿಲ್ಲ. ಇರುವೆ ಕೌದಿ ದಾಟಿ ನೆಲಕ್ಕಿಳಿಯುವವರೆಗೂ ಅವಳು ದಾರ ಎಳೆಯಲಿಲ್ಲ.